ಚಿಕಾಗೋ ನಗರದ ರೇಡಿಯೋ ಶಾಲೆ

"ಆ ರೇಡಿಯೋ ನಿಲ್ಲಿಸಿ ಓದಿಕೊಳ್ಳಿ" ಎಂದು ಮಕ್ಕಳನ್ನು ಗದರಿಸದ ಮನೆ ನಮ್ಮಲ್ಲಿ ಅಪರೂಪ. ರೇಡಿಯೋ ಒಂದು ಕಡೆ, ಓದು ಇನ್ನೊಂದು ಕಡೆ ಎಂಬುದು ಹಿರಿಯರ ಎಣಿಕೆ. ಆದರೆ "ರೇಡಿಯೋ ಹಾಕಿ, ಪುಸ್ತಕ ಹಿಡಿದು ಕುಳಿತುಕೊಳ್ಳಿ, ಪಾಠಕ್ಕೆ ಹೊತ್ತಾಯಿತು" ಎಂದು ತಾಯಂದಿರು ಮಕ್ಕಳನ್ನು ಕೂಗಿ ಕರೆದ ಕಾಲವೂ ಒಂದುಂಟು. ೧೯೩೭ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಊರು ಅಮೆರಿಕದ ಚಿಕಾಗೋ. ಆ ಹೆಸರು ತಮಗೆ ಹೊಸದಲ್ಲ. ೧೮೯೩ರಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ಊರೇ ಅದು. ದೊಡ್ಡದೊಂದು ಸರೋವರದ ದಡದಲ್ಲಿ, ಮೂವತ್ತು ಲಕ್ಷಕ್ಕೂ ಮಿಕ್ಕ ಜನರ ನಗರ.

ಆ ವರ್ಷ ಬೇಸಗೆಯ ಕೊನೆಗೆ ಅಲ್ಲಿ ಪೋಲಿಯೋ ತಲೆಯೆತ್ತಿತು. ಈ ರೋಗದ ಭಯ ಹೇಗಿತ್ತೆಂಬುದನ್ನು ಇಂದಿನ ಮಕ್ಕಳಿಗೆ ತಿಳಿಯಹೇಳುವುದೇ ಕಷ್ಟ. ಸಂಜೆಯವರೆಗೆ ಓಡಿಯಾಡಿದ ಹುಡುಗ ರಾತ್ರಿ ಜ್ವರವೆಂದು ಮಲಗುವನು. ಕೆಲವು ದಿನಗಳಲ್ಲಿ ಕಾಲೊಂದು ಸ್ವಾಧೀನ ತಪ್ಪಿರುವುದು. ಉಸಿರಾಟದ ಸ್ನಾಯುಗಳಿಗೇ ರೋಗ ತಟ್ಟಿದರೆ ಕಬ್ಬಿಣದ ದೊಡ್ಡ ಪೆಟ್ಟಿಗೆಯೊಳಗೆ ಮಗುವನ್ನು ಮಲಗಿಸಿ, ತಲೆ ಮಾತ್ರ ಹೊರಗಿಟ್ಟು, ಯಂತ್ರದಿಂದ ಉಸಿರಾಡಿಸಬೇಕಾಗುತ್ತಿತ್ತು. ಬಡವರಿಗೆ ಮಾತ್ರ ಬರುವ ರೋಗವೆನ್ನುವಂತೆಯೂ ಇರಲಿಲ್ಲ. ಅಂದು ಆ ದೇಶದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಕಾಲುಗಳು ೧೯೨೧ರ ಕಾಯಿಲೆಯಿಂದ ಸ್ವಾಧೀನ ಕಳೆದುಕೊಂಡಿದ್ದವು. ಅದು ಪೋಲಿಯೋ ಎಂದೇ ವೈದ್ಯರು ಹೇಳಿದ್ದರು. ರೋಗಕ್ಕೆ ಕಾರಣ ಒಂದು ವೈರಸ್ ಎಂಬುದು ೧೯೦೮ರಷ್ಟು ಹಿಂದೆಯೇ ತಿಳಿದಿದ್ದರೂ, ಅದು ಮಗುವಿನಿಂದ ಮಗುವಿಗೆ ಹೇಗೆ ದಾಟುತ್ತದೆಂಬುದು ಆಗ ಸ್ಪಷ್ಟವಿರಲಿಲ್ಲ. ಕೊಳೆಯಾದ ನೀರು, ತೊಳೆಯದ ಕೈ, ಇವುಗಳ ಮೂಲಕ ಬಾಯಿಂದ ಒಳಹೊಗುತ್ತದೆಂದು ನಾವೀಗ ಬಲ್ಲೆವು. ತಡೆಯುವ ಲಸಿಕೆ ಜನರ ಕೈಸೇರಿದ್ದು ೧೯೫೫ರಲ್ಲಿ. ೧೯೩೭ರ ತಾಯಿತಂದೆಯರ ಕೈಯಲ್ಲಿದ್ದ ಉಪಾಯ ಒಂದೇ: ಮಕ್ಕಳನ್ನು ಗುಂಪು ಸೇರಗೊಡದಿರುವುದು.

ಅಮೆರಿಕದಲ್ಲಿ ಬೇಸಗೆ ರಜ ಮುಗಿದು ಶಾಲೆಗಳು ತೆರೆಯುವುದು ಸೆಪ್ಟೆಂಬರಿನ ಸುಮಾರಿಗೆ. ನಗರದ ಆರೋಗ್ಯ ಮಂಡಳಿಯ ಮುಖ್ಯಸ್ಥರಾದ ಡಾಕ್ಟರ್ ಹರ್ಮನ್ ಬುಂಡೆಸೆನ್ನರು ಶಾಲೆಗಳನ್ನು ತೆರೆಯಬಾರದೆಂದು ತೀರ್ಮಾನಿಸಿದರು. ಎಷ್ಟು ದಿನ ಎಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಶಾಲೆಗಳ ಮೇಲಧಿಕಾರಿಯಾಗಿದ್ದ ವಿಲಿಯಂ ಜಾನ್ಸನ್ನರ ಮುಂದೆ ಮೂರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಸುಮಾರು ೩ ಲಕ್ಷ ೧೫ ಸಾವಿರ ಮಕ್ಕಳು, ಬೀಗ ಹಾಕಿದ ಕಟ್ಟಡಗಳು, ಮನೆಯಲ್ಲಿ ಕುಳಿತ ಉಪಾಧ್ಯಾಯರು. ಆಗ ಅವರಿಗೆ ತೋರಿದ ದಾರಿ ರೇಡಿಯೋ.

ಆ ಉಪಾಧ್ಯಾಯರನ್ನು ಕುರಿತು ಇಲ್ಲೊಂದು ಮಾತು ಹೇಳಬೇಕು. ೧೯೩೦ರ ದಶಕದ ಆರಂಭದ ಆರ್ಥಿಕ ಮುಗ್ಗಟ್ಟಿನಲ್ಲಿ ಚಿಕಾಗೋ ಶಾಲೆಗಳ ಬೊಕ್ಕಸ ಬರಿದಾಗಿ, ಅವರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಕೆಲವೊಮ್ಮೆ ಸಂಬಳದ ಬದಲು ಬರಿಯ ವಾಗ್ದಾನದ ಚೀಟಿ ಹಿಡಿದು ಪಾಠ ಹೇಳಿದ್ದರು. ೧೯೩೩ರಲ್ಲಿ ಬೀದಿಗಿಳಿದು ಬ್ಯಾಂಕುಗಳಿಗೆ ನುಗ್ಗಿದ್ದೂ ಉಂಟು. ಅದೇ ಜನ ನಾಲ್ಕು ವರ್ಷಗಳ ತರುವಾಯ, ಎಂದೂ ಮಾಡದ ಕೆಲಸವೊಂದಕ್ಕೆ ಕೆಲವೇ ದಿನಗಳಲ್ಲಿ ಅಣಿಯಾಗಬೇಕಾಯಿತು.

ಅಮೆರಿಕದ ಐದು ಮನೆಗಳಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಆ ಹೊತ್ತಿಗೆ ರೇಡಿಯೋ ಇತ್ತು. (ನಮ್ಮಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಹೂಡಿದ "ಆಕಾಶವಾಣಿ"ಗೆ ಆಗ ಎರಡು ವರ್ಷ. ಕೇಳುವ ಪೆಟ್ಟಿಗೆಯಿದ್ದ ಮನೆಗಳನ್ನು ಬೀದಿಗೊಂದರಂತೆ ಎಣಿಸುವುದೂ ಕಷ್ಟವಾಗಿದ್ದ ಕಾಲ.) ಅಲ್ಲಿಯ ರೇಡಿಯೋ ನಮ್ಮಂತೆ ಸರ್ಕಾರದ ಇಲಾಖೆಯಾಗಿರಲಿಲ್ಲ. ನಿಲಯಗಳು ಹೆಚ್ಚಾಗಿ ಖಾಸಗಿಯವು, ಜಾಹೀರಾತಿನ ಹಣವೇ ಅವುಗಳ ಜೀವ. ಅವುಗಳಲ್ಲಿ ಆರು ನಿಲಯಗಳು ಪಾಠಕ್ಕೆಂದು ಪುಕ್ಕಟೆಯಾಗಿ ಹೊತ್ತು ಬಿಟ್ಟುಕೊಟ್ಟವು. ಆ ಆರರಲ್ಲಿ ಒಂದು ಊರಿನ ದೊಡ್ಡ ದಿನಪತ್ರಿಕೆಗೆ ಸೇರಿದ್ದು, ಒಂದು ರೈತರ ಪತ್ರಿಕೆಯದು, ಇನ್ನೊಂದು ಕಾರ್ಮಿಕ ಸಂಘಗಳ ಒಕ್ಕೂಟದ್ದು. ಬೇರೆ ದಿನಗಳಲ್ಲಿ ಒಬ್ಬರ ಮಾತು ಒಬ್ಬರಿಗೆ ಸೇರದವರು. ಸಾಬೂನಿನ ಜಾಹೀರಾತು ಬರುತ್ತಿದ್ದ ಹೊತ್ತಿನಲ್ಲಿ ಭಿನ್ನರಾಶಿಯ ಪಾಠ ಬಂದಿತೆಂದರೆ ಅದೇನೂ ಸಣ್ಣ ತ್ಯಾಗವಲ್ಲ.

ಸೆಪ್ಟೆಂಬರ್ ೧೩, ಸೋಮವಾರ, ಪಾಠಗಳು ಆರಂಭವಾದವು. ಮೊದಲು ಪ್ರಕಟಣೆಗಳು, ಆಮೇಲೆ ಅಂಗಸಾಧನೆ. ಕಾಣದ ಉಪಾಧ್ಯಾಯರು ಹೇಳಿದಂತೆ ಸಾವಿರಾರು ಮನೆಗಳಲ್ಲಿ ಮಕ್ಕಳು ಕೈಕಾಲು ಆಡಿಸುತ್ತಿದ್ದ ನೋಟವನ್ನು ತಾವೇ ಊಹಿಸಿಕೊಳ್ಳಬಹುದು. ಆ ಬಳಿಕ ಒಂದೊಂದು ತರಗತಿಗೂ ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ನಿಲಯದಿಂದ, ಕಾಲು ಗಂಟೆಯ ಪಾಠ. ಸೋಮವಾರ, ಬುಧವಾರ, ಶುಕ್ರವಾರಗಳಂದು ಸಮಾಜ ಪರಿಚಯ ಮತ್ತು ವಿಜ್ಞಾನ. ಮಂಗಳವಾರ, ಗುರುವಾರ, ಶನಿವಾರಗಳಂದು ಇಂಗ್ಲಿಷು ಮತ್ತು ಗಣಿತ. ಒಂದೊಂದು ವಿಷಯಕ್ಕೂ ಒಂದೊಂದು ಸಮಿತಿ ಪಾಠವನ್ನು ಮೊದಲೇ ಬರೆದು ತಿದ್ದುತ್ತಿತ್ತು. ಇವತ್ತಿನ ಪಾಠ ನಿನ್ನೆಯದಕ್ಕೆ ಹೊಂದಿಕೊಳ್ಳುತ್ತದೆಯೇ ಎಂದು ಕೇಳಿ ನೋಡುವವರೂ ಇದ್ದರು. ದೇಶ ಸುತ್ತಿ ಸಾಹಸದ ಪುಸ್ತಕ ಬರೆದು ಹೆಸರಾಗಿದ್ದ ಕಾರ್ವೆತ್ ವೆಲ್ಸ್ ಎಂಬವರನ್ನೂ ಮಕ್ಕಳ ಮನಸ್ಸು ಸೆಳೆಯಲು ಕರೆಸಿದ್ದರು.

ಕಾಲು ಗಂಟೆಯೇ ಏಕೆ? ಮುಖ ಕಾಣದ ದನಿಯನ್ನು ಎಂಟು ವರ್ಷದ ಮಗು ಇದಕ್ಕಿಂತ ಹೆಚ್ಚು ಹೊತ್ತು ಕೇಳಲಾರದು ಎಂಬುದು ಒಂದು. ಆರು ತರಗತಿಗಳಿಗೆ ಹಂಚುವಷ್ಟು ಹೊತ್ತೂ ಇರಲಿಲ್ಲ ಎಂಬುದು ಇನ್ನೊಂದು. ಆದರೆ ಕಾಲು ಗಂಟೆಯ ಮಾತಿನಿಂದ ಪಾಠವಾಗುವುದಿಲ್ಲ ಎಂಬುದು ಮೇಷ್ಟರ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆದುದರಿಂದ ಅಲ್ಲಿಯವರು ರೇಡಿಯೋವನ್ನು ಮಾತ್ರ ನಂಬಿ ಕೂರಲಿಲ್ಲ. ಯಾವ ತರಗತಿಗೆ ಯಾವ ಹೊತ್ತು, ಯಾವ ನಿಲಯ, ಪಾಠದ ಸಾರವೇನು, ಉತ್ತರಿಸಬೇಕಾದ ಪ್ರಶ್ನೆಗಳೇನು, ಬರೆಯಬೇಕಾದ ಲೆಕ್ಕಗಳಾವುವು, ಎಲ್ಲವೂ ಮುಂಚೆಯೇ ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಪತ್ರಿಕೆ ಕರಿಹಲಗೆಯಾಯಿತು, ರೇಡಿಯೋ ಉಪಾಧ್ಯಾಯರ ಬಾಯಿ ಆಯಿತು. ಕಿವಿ ಯಾವುದು?

ನನಗೆ ಈ ಇತಿಹಾಸದಲ್ಲಿ ಬಹಳ ಹಿಡಿಸಿದ ಭಾಗ ಇದೇ. ಶಾಲಾ ಕಚೇರಿಯಲ್ಲಿ ಟೆಲಿಫೋನುಗಳನ್ನಿಟ್ಟು, ಪಾಠ ತಿಳಿಯದವರು ಕೇಳಬಹುದೆಂದು ಸಾರಿ, ಹದಿನಾರು ಮಂದಿ ಉಪಾಧ್ಯಾಯರನ್ನು ಕೂರಿಸಿದರು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆಗಳು ಬಂದವು. ಮತ್ತೆ ಐವರನ್ನು ಸೇರಿಸಬೇಕಾಯಿತು. ಕೇಳಿದವರು ಹೆಚ್ಚಾಗಿ ತಾಯಿತಂದೆಯರು. ಆ ಇಪ್ಪತ್ತೊಂದು ಮಂದಿಯನ್ನು ಇಡೀ ಮೂರು ಲಕ್ಷ ಮಕ್ಕಳ ಎದುರಿಗಿಟ್ಟು ನೋಡಿ. ಶಾಲೆಯಲ್ಲಿ ಒಂದು ಮಗು ಕೈಯೆತ್ತಿದರೆ ಸಾಕು, ಮೇಷ್ಟರು ನಿಲ್ಲುತ್ತಾರೆ. ಕೈಯೆತ್ತದ ಮಗುವಿನ ಮುಖ ನೋಡಿಯೂ ನಿಲ್ಲುತ್ತಾರೆ. ಒಳ್ಳೆಯ ಮೇಷ್ಟರ ಗುಟ್ಟೇ ಅದು. ರೇಡಿಯೋದ ದನಿ ಯಾರಿಗೂ ನಿಲ್ಲುವುದಿಲ್ಲ. ಪಾಠದ ಓಟ ಮಕ್ಕಳಿಗೆ ಮೀರಿದ್ದು ಎಂಬ ದೂರು ಬಂದಿತು. ಮಕ್ಕಳ ಗಮನ ಆಚೀಚೆ ಹೋಗುತ್ತದೆಂಬ ದೂರು ಬಂದಿತು. ಕೆಲವು ಬಡಾವಣೆಗಳಲ್ಲಿ ಪಾಠಕ್ಕಿಂತ ಗೊರಗೊರ ಸದ್ದೇ ಹೆಚ್ಚೆಂಬ ದೂರೂ ಬಂದಿತು.

ಎಲ್ಲಕ್ಕಿಂತ ದೊಡ್ಡ ದೂರು ಮಾತ್ರ ಟೆಲಿಫೋನಿನಲ್ಲಿ ಬರುವಂಥದಲ್ಲ. ರೇಡಿಯೋ ಇಲ್ಲದ ಮನೆಯಲ್ಲಿ ಟೆಲಿಫೋನು ಎಲ್ಲಿಂದ ಬರಬೇಕು? ಐದರಲ್ಲಿ ನಾಲ್ಕು ಎಂದು ಮೇಲೆ ಹೇಳಿದೆನಲ್ಲ, ಉಳಿದ ಐದನೆಯ ಮನೆಯ ಮಾತು ಇದು. ಬಿಳಿಯರ ಮನೆಗಳಿಗಿಂತ ಕರಿಯರ ಮನೆಗಳಲ್ಲಿ ರೇಡಿಯೋ ಕಡಿಮೆ. ಎಲ್ಲ ಜನರೊಳಗೂ ಬಡವರಲ್ಲಿ ಕಡಿಮೆ. ಅಂಥ ಮಕ್ಕಳನ್ನು ತಲುಪಲು ಪ್ರಯತ್ನ ನಡೆದಿದೆಯೆಂದು ಅಧಿಕಾರಿಗಳು ಹೇಳಿದರು. "ನೆರೆಮನೆಗೆ ಹೋಗಿ ಕೇಳಲಿ" ಎಂದುಬಿಡುವುದು ನಮಗೂ ಸುಲಭ. ಆದರೆ ಮಕ್ಕಳನ್ನು ಒಂದೆಡೆ ಸೇರಿಸಬಾರದೆಂದೇ ಅಲ್ಲವೆ ಶಾಲೆ ಮುಚ್ಚಿದ್ದು?

ಮಕ್ಕಳು ಪಾಠ ಕೇಳುವುದು ಹೊಸದಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಬಿ.ಬಿ.ಸಿ. ೧೯೨೪ರಿಂದಲೇ ಶಾಲೆಗಳಿಗಾಗಿ ಪ್ರಸಾರ ಮಾಡುತ್ತಿತ್ತು. ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ ೧೯೨೯ರಿಂದ ಅಂಥದೊಂದು ಏರ್ಪಾಡಿತ್ತು. ಅವೆಲ್ಲ ತರಗತಿಯೊಳಗೆ ಬರುತ್ತಿದ್ದ ದನಿಗಳು. ರೇಡಿಯೋದ ಪಕ್ಕದಲ್ಲಿ ಮೇಷ್ಟರು ನಿಂತಿರುತ್ತಿದ್ದರು. ಪ್ರಸಾರ ಮುಗಿದ ಮೇಲೆ "ಏನು ತಿಳಿಯಿತು ಹೇಳು" ಎಂದು ಕೇಳುತ್ತಿದ್ದರು. ಚಿಕಾಗೋದಲ್ಲಿ ಆ ಜಾಗದಲ್ಲಿ ತಾಯಿ ನಿಂತಳು, ಒಲೆಯ ಮೇಲೆ ಒಂದು ಕಣ್ಣಿಟ್ಟುಕೊಂಡು.

ಮೂರು ವಾರ ತುಂಬುವುದರೊಳಗೆ ರೋಗ ಇಳಿಮುಖವಾಗಿ ಶಾಲೆಗಳು ತೆರೆದವು. ಮಕ್ಕಳು ರೇಡಿಯೋ ಪಾಠಗಳಿಗೆ ಉತ್ತರ ಹೇಳಬೇಕಾಗಿತ್ತು. ಎಷ್ಟು ಮಕ್ಕಳು ಕೇಳಿದರು, ಎಷ್ಟು ಕಲಿತರು ಎಂದು ಅಳೆದು ನೋಡುವ ಕೆಲಸ ಮಾತ್ರ ಸರಿಯಾಗಿ ನಡೆಯಲಿಲ್ಲ. ಎಲ್ಲ ಚೆನ್ನಾಗಿ ನಡೆಯಿತೆಂದು ಅಧಿಕಾರಿಗಳು ಸಂತೋಷಪಟ್ಟರು. ಅಧಿಕಾರಿಗಳ ಸ್ವಭಾವವೇ ಅದು. ಆದರೂ ಪ್ರಯೋಗ ವ್ಯರ್ಥವಾಯಿತೆನ್ನಲಾರೆ. ೧೯೪೩ರಲ್ಲಿ ಚಿಕಾಗೋದ ಶಿಕ್ಷಣ ಮಂಡಳಿಯೇ ಶಾಲಾ ಪ್ರಸಾರಕ್ಕಾಗಿ ತನ್ನದೊಂದು ನಿಲಯವನ್ನು ತೆರೆಯಿತು.

ಕಿವಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬೇರೊಂದು ಖಂಡದಲ್ಲಿ. ಆಸ್ಟ್ರೇಲಿಯದ ನಡುಭಾಗದಲ್ಲಿ ದನಕುರಿ ಸಾಕುವ ಮನೆಗಳು ಒಂದಕ್ಕೊಂದು ನೂರಾರು ಮೈಲಿ ದೂರ. ಆ ಮನೆಗಳಲ್ಲಿ ವಿಮಾನದ ವೈದ್ಯರನ್ನು ಕರೆಯಲೆಂದು ಇಟ್ಟುಕೊಂಡಿದ್ದ ರೇಡಿಯೋ ಯಂತ್ರಗಳಿದ್ದವು. ಆಲ್‌ಫ್ರೆಡ್ ಟ್ರೇಗರ್ ಎಂಬವರು ಕಾಲಿನಿಂದ ತುಳಿದೇ ವಿದ್ಯುತ್ತು ಹುಟ್ಟಿಸುವಂತೆ ಮೊದಲು ಮಾಡಿದ್ದಂಥವು. ಅವುಗಳಲ್ಲಿ ಕೇಳಲೂಬಹುದು, ಮಾತನಾಡಲೂಬಹುದು. ಇದನ್ನೇ ಮಕ್ಕಳ ಪಾಠಕ್ಕೆ ಏಕೆ ಬಳಸಬಾರದು ಎಂದು ಅಡಿಲೇಡ್ ಮೀತ್ಕಿ ಎಂಬ ಶಿಕ್ಷಕಿಗೆ ಹೊಳೆಯಿತು. ೧೯೫೧ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಆ ಶಾಲೆ ಆರಂಭವಾಯಿತು. ಪಾಠದ ಕೊನೆಗೆ ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಪ್ರಶ್ನೆ ಕೇಳುತ್ತಿದ್ದರು. ಹತ್ತಿರದ ನೆರೆಮನೆಯನ್ನೇ ತಿಂಗಳಿಗೊಮ್ಮೆ ಕಾಣುವ ಮಗು ಇನ್ನೊಂದು ಮಗುವಿನ ದನಿ ಕೇಳುತ್ತಿತ್ತು.

ಇಷ್ಟೆಲ್ಲ ನೆನಪಾಗಲು ಕಾರಣ ೨೦೨೦ನೆಯ ಇಸವಿ. ಮಾರ್ಚ್ ತಿಂಗಳಲ್ಲಿ ನಮ್ಮ ಶಾಲೆಗಳೂ ಮುಚ್ಚಿದವು. ಈ ಸಲ ರೇಡಿಯೋದ ಜಾಗದಲ್ಲಿ ಮೊಬೈಲು. ಜುಲೈಯಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ "ಸೇತುಬಂಧ" ಪಾಠಗಳೂ ಬಂದವು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅಕ್ಕ, ತಮ್ಮ ಇಬ್ಬರಿಗೂ ಒಂದೇ ಮೊಬೈಲು. ಅದೂ ತಂದೆ ಕೆಲಸದಿಂದ ಬಂದ ಮೇಲೆ. ಅಕ್ಕ ಹತ್ತನೆಯ ತರಗತಿ, ಪರೀಕ್ಷೆಯ ವರ್ಷ. ಆದ್ದರಿಂದ ಫೋನು ಅವಳ ಕೈಗೆ ಹೋಗುತ್ತಿತ್ತು. ನಾಲ್ಕನೆಯ ತರಗತಿಯ ತಮ್ಮ ಬಾಗಿಲಲ್ಲಿ ಕುಳಿತು ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುತ್ತಿದ್ದ. ಕೇಳಿದರೆ, "ನನ್ನದು ಆಮೇಲೆ" ಎನ್ನುತ್ತಿದ್ದ.

ಆ ಆಗಸ್ಟ್ ತಿಂಗಳಲ್ಲಿ ಸರ್ಕಾರ "ವಿದ್ಯಾಗಮ" ಎಂಬ ಏರ್ಪಾಡು ಮಾಡಿತು. ಇಂಟರ್‌ನೆಟ್ ಇರುವ ಮೊಬೈಲುಳ್ಳವರು, ಬರಿಯ ಮಾತಿನ ಫೋನುಳ್ಳವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಉಪಾಧ್ಯಾಯರೇ ಮಕ್ಕಳಿದ್ದ ಕಡೆಗೆ ಹೋಗಬೇಕೆಂದಿತು. ಚಿಕಾಗೋದವರ ಲೆಕ್ಕಕ್ಕೆ ಕೊನೆಯಲ್ಲಿ ಬಂದ ಐದನೆಯ ಮನೆಯನ್ನು ಇಲ್ಲಿ ಕಾಗದದ ಮೇಲಾದರೂ ಮೊದಲೇ ಬರೆದುಕೊಂಡರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ೨೦೨೧ರ ಜನವರಿಯಲ್ಲಿ ಮತ್ತೆ ತೊಡಗಿದರು. ನಡುವೆ ಸಿಕ್ಕಿದ್ದು ಕೆಲವೇ ವಾರ.

ಆ ವಾರಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಬಸವಣ್ಣನ ಗುಡಿಯ ಜಗಲಿಯ ಮೇಲೆ ಹತ್ತು ಹನ್ನೆರಡು ಮಕ್ಕಳು ದೂರ ದೂರ ಕುಳಿತಿದ್ದರು. ಬಾಲಂಗೋಚಿಯ ಹುಡುಗನೂ ಇದ್ದ. ಮೇಷ್ಟರು ಸೈಕಲ್ಲು ನಿಲ್ಲಿಸಿ, ಮುಖದ ಬಟ್ಟೆ ಸರಿಪಡಿಸಿಕೊಂಡು, ಚೀಲದಿಂದ ಮೊದಲು ತೆಗೆದದ್ದು ಪಠ್ಯಪುಸ್ತಕವಲ್ಲ, ಹಾಜರಿ ಪುಸ್ತಕ. ಒಂದೊಂದೇ ಹೆಸರು ಕೂಗಿದರು. ಹುಡುಗನ ಸರದಿ ಬಂದಾಗ ಅವನು ಎದ್ದು ನಿಂತು, ಬೀದಿಯ ಈ ಕೊನೆಯಲ್ಲಿದ್ದ ನನಗೂ ಕೇಳುವಂತೆ, "ಬಂದಿದೀನಿ ಸಾರ್" ಎಂದ.