ಭಾರತದಲ್ಲಿ ಹೆದ್ದಾರಿ ಬದಿಯ ಫಲಕಗಳ ನಿಯಮಗಳು

ಸಾರ್ವಜನಿಕ ಹೆದ್ದಾರಿಯ ಬದಿಯಲ್ಲಿ ಯಾವ ಫಲಕವನ್ನು ಯಾರು, ಎಲ್ಲಿ, ಎಷ್ಟು ಅಂತರದಲ್ಲಿ ನಿಲ್ಲಿಸಬಹುದು ಎಂಬುದನ್ನು ಭಾರತದಲ್ಲಿ ಒಂದೇ ಕಾಯಿದೆ ನಿರ್ಧರಿಸುವುದಿಲ್ಲ. ಮೋಟಾರು ವಾಹನಗಳ ಅಧಿನಿಯಮ 1988, ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಪ್ರಕಟಿಸಿರುವ ಸಂಹಿತೆಗಳು, ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಅಧಿನಿಯಮ 2002, ಸ್ಥಳೀಯ ಸಂಸ್ಥೆಗಳ ಉಪವಿಧಿಗಳು ಹಾಗೂ ಸರ್ವೋಚ್ಚ ನ್ಯಾಯಾಲಯದ ಕೆಲವು ಆದೇಶಗಳು ಸೇರಿ ಈ ನಿಯಮಗಳಾಗಿವೆ. ಇವು ಎರಡು ಬಗೆಯ ಫಲಕಗಳಿಗೆ ಸಂಬಂಧಿಸಿವೆ: ಚಾಲಕನಿಗೆ ದಾರಿ ಮತ್ತು ಅಪಾಯವನ್ನು ತಿಳಿಸುವ ಸಂಚಾರ ಫಲಕಗಳು, ಹಾಗೂ ಅದೇ ಚಾಲಕನ ಗಮನವನ್ನು ಸರಕಿನ ಕಡೆಗೆ ಸೆಳೆಯುವ ಜಾಹೀರಾತು ಫಲಕಗಳು. ಎರಡೂ ಒಂದೇ ರಸ್ತೆಯಂಚಿನಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸುವುದರಿಂದ ಒಂದರ ನಿಯಮವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಲಾಗದು.

ಹಿನ್ನೆಲೆ

ಜಯಕರ್ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಸ್ಥಾಪನೆಯಾದ ಐಆರ್‌ಸಿ, ದೇಶದ ರಸ್ತೆ ನಿರ್ಮಾಣದ ಮಾನಕಗಳನ್ನು ರೂಪಿಸುವ ಎಂಜಿನಿಯರುಗಳ ಸಂಸ್ಥೆ. ರಸ್ತೆ ಚಿಹ್ನೆಗಳಿಗೆ ಸಂಬಂಧಿಸಿದ ಇದರ ಸಂಹಿತೆ ಐಆರ್‌ಸಿ 67 ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದು, 1977ರಲ್ಲಿ ಪ್ರಕಟವಾದ ಬಳಿಕ ಹಲವು ಬಾರಿ ಪರಿಷ್ಕರಣೆಗೊಂಡಿದೆ. ರಸ್ತೆ ಚಿಹ್ನೆಗಳನ್ನು ಕುರಿತ 1968ರ ವಿಯೆನ್ನಾ ಒಪ್ಪಂದಕ್ಕೆ ಭಾರತವು 1980ರಲ್ಲಿ ಸೇರಿತು. ಮೋಟಾರು ವಾಹನಗಳ ಅಧಿನಿಯಮದ ಮೊದಲನೆಯ ಅನುಸೂಚಿಯು ಚಿಹ್ನೆಗಳನ್ನು ಕಡ್ಡಾಯ, ಎಚ್ಚರಿಕೆ ಮತ್ತು ಮಾಹಿತಿ ಎಂದು ಮೂರಾಗಿ ವಿಂಗಡಿಸುತ್ತದೆ. ಸಾಮಾನ್ಯವಾಗಿ ಕಡ್ಡಾಯ ಚಿಹ್ನೆಗಳು ವೃತ್ತಾಕಾರದಲ್ಲಿಯೂ, ಎಚ್ಚರಿಕೆಯವು ತ್ರಿಕೋನದಲ್ಲಿಯೂ, ಮಾಹಿತಿಯವು ಆಯತದಲ್ಲಿಯೂ ಇರುತ್ತವೆ. ‘ನಿಲ್ಲಿ’ ಎಂಬ ಆಜ್ಞೆಗೆ ಮಾತ್ರ ಅಷ್ಟಕೋನ ಮೀಸಲು. ಧೂಳು ಮೆತ್ತಿಕೊಂಡಿರಲಿ, ಹಿಂಬದಿಯಿಂದ ಕಾಣಲಿ, ಆಕಾರದಿಂದಲೇ ಅದನ್ನು ಗುರುತಿಸಬಹುದು.

ಸಂಚಾರ ಫಲಕಗಳ ಸ್ಥಾನ

ಅಧಿನಿಯಮದ 116ನೇ ಕಲಂ ಪ್ರಕಾರ ಸಂಚಾರ ಫಲಕವನ್ನು ನಿಲ್ಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೆ ಸೇರಿದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇದೇ ಅಧಿಕಾರವನ್ನು 2019ರ ತಿದ್ದುಪಡಿಯು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೂ ಕೊಟ್ಟಿತು. ಖಾಸಗಿ ವ್ಯಕ್ತಿಯು ಒಳ್ಳೆಯ ಉದ್ದೇಶದಿಂದಲೇ ಆದರೂ ತನ್ನ ಮನೆಯೆದುರು ವೇಗಮಿತಿಯ ಫಲಕ ನೆಡುವಂತಿಲ್ಲ. ಫಲಕವನ್ನು ಬೇಕೆಂದೇ ಕೀಳುವುದು, ತಿದ್ದುವುದು, ವಿರೂಪಗೊಳಿಸುವುದು ನಿಷಿದ್ಧ. ಆಕಸ್ಮಿಕವಾಗಿ ವಾಹನ ತಗುಲಿ ಫಲಕ ನಿರುಪಯೋಗಿಯಾದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ಪೊಲೀಸರಿಗೆ ತಿಳಿಸಬೇಕು. ಬಿದ್ದ ಫಲಕವು ಮುಂದಿನ ವಾಹನಕ್ಕೆ ಅಪಾಯವಾಗಬಹುದಾದ್ದರಿಂದ ಈ ನಿಯಮಕ್ಕೆ ಮಹತ್ವವಿದೆ. ಆದರೆ ಇದನ್ನು ಬಲ್ಲ ಚಾಲಕರು ವಿರಳ.

ಭಾರತದಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ಫಲಕಗಳನ್ನೂ ಸಾಮಾನ್ಯವಾಗಿ ಎಡಬದಿಯಲ್ಲೇ ನಿಲ್ಲಿಸಲಾಗುತ್ತದೆ. ವಾಹನದ ದೀಪದ ಬೆಳಕು ನೇರವಾಗಿ ಮರಳಿ ಕಣ್ಣು ಕುಕ್ಕದಂತೆ ಫಲಕದ ಮುಖವನ್ನು ತುಸು ಹೊರಕ್ಕೆ ತಿರುಗಿಸಬೇಕು. ಎಚ್ಚರಿಕೆಯ ಫಲಕದ ವಿಷಯದಲ್ಲಿ ಅಂತರವೇ ಎಲ್ಲಕ್ಕಿಂತ ಮುಖ್ಯ. ಸಂಹಿತೆಯ ಹಿಂದಿನ ಆವೃತ್ತಿಗಳಲ್ಲಿ, ರಾಷ್ಟ್ರೀಯ ಹಾಗೂ ರಾಜ್ಯ ಹೆದ್ದಾರಿಗಳಲ್ಲಿ ಅಪಾಯದ ಸ್ಥಳಕ್ಕಿಂತ ಬಯಲು ಪ್ರದೇಶದಲ್ಲಿ 120 ಮೀಟರ್, ಗುಡ್ಡಗಾಡಿನಲ್ಲಿ 60 ಮೀಟರ್ ಮೊದಲು ಫಲಕವಿರಬೇಕೆಂದು ಹೇಳಲಾಗಿತ್ತು. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅಂದರೆ 120 ಮೀಟರ್ ಎಂಬುದು ಚಾಲಕನಿಗೆ ಸಿಗುವ ಐದೂವರೆ ಸೆಕೆಂಡು. ವೇಗ 100 ಕಿ.ಮೀ. ಆದರೆ ಅದು ನಾಲ್ಕು ಸೆಕೆಂಡಿಗೆ ತುಸು ಹೆಚ್ಚು ಮಾತ್ರ. ಚತುಷ್ಪಥ ರಸ್ತೆಗಳು ಬಂದು ವೇಗ ಏರಿದ ಮೇಲೆ ಈ ಸ್ಥಿರ ಅಂತರಗಳು ಸಾಲದಾದವು. ಆದಕಾರಣ ನಂತರದ ಪರಿಷ್ಕರಣೆಯು ಅಂತರವನ್ನು ವಾಹನಗಳ ವೇಗಕ್ಕೆ ಅನುಗುಣವಾಗಿ ನಿಗದಿಪಡಿಸುತ್ತದೆ.

ಫಲಕಗಳು ಹೆಚ್ಚಾದಷ್ಟೂ ಸುರಕ್ಷತೆ ಹೆಚ್ಚುತ್ತದೆಂಬ ಭಾವನೆ ಸರಿಯಲ್ಲ. ಅನಗತ್ಯವಾದೆಡೆಯಲ್ಲೆಲ್ಲ ಎಚ್ಚರಿಕೆ ನೀಡಿದರೆ ನಿಜವಾದ ಅಪಾಯದ ಸ್ಥಳದಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ.

ಜಾಹೀರಾತು ಫಲಕಗಳು

ರಸ್ತೆಬದಿಯ ಜಾಹೀರಾತುಗಳಿಗೆ ಐಆರ್‌ಸಿ ಪ್ರತ್ಯೇಕ ನೀತಿಯನ್ನು ರೂಪಿಸಿದೆ. ಐಆರ್‌ಸಿ 46 ಎಂಬ ಈ ದಾಖಲೆಯ ಮೊದಲ ಪರಿಷ್ಕರಣೆ 1972ರಲ್ಲಿ ಹೊರಬಂತು. ಇದರಂತೆ ರಸ್ತೆ ಕೂಡುವ ಸ್ಥಳ, ಸೇತುವೆ ಅಥವಾ ಅಡ್ಡದಾಟುಗಳಿಂದ 100 ಮೀಟರ್ ಒಳಗೆ ಜಾಹೀರಾತು ಇರಕೂಡದು. ನಗರ ಪ್ರದೇಶದಲ್ಲಿ ನೋಟಕ್ಕೆ ಅಡ್ಡಿಯಾಗದಿದ್ದರೆ ಇದನ್ನು 50 ಮೀಟರಿಗೆ ಇಳಿಸಬಹುದು. ವಾಹನಗಳು ಚಲಿಸುವ ಪಥದ ಅಂಚಿನಿಂದ 10 ಮೀಟರ್ ಒಳಗೂ, ಸಂಚಾರ ಫಲಕದಿಂದ ರಸ್ತೆಯುದ್ದಕ್ಕೂ 50 ಮೀಟರ್ ಒಳಗೂ, ಹೆದ್ದಾರಿಗೆ ಸೇರಿದ ಜಾಗದ ಗಡಿಯೊಳಗೂ ಜಾಹೀರಾತು ನಿಲ್ಲಿಸಬಾರದು. ರಸ್ತೆಗೆ ಅಡ್ಡಲಾಗಿ ಬಟ್ಟೆಯ ಬ್ಯಾನರು ಕಟ್ಟುವಂತಿಲ್ಲ. ಮಿನುಗುವ ಅಥವಾ ಚಲಿಸುವ ದೀಪಗಳುಳ್ಳ ಜಾಹೀರಾತಿಗೂ ಅವಕಾಶವಿಲ್ಲ. ಸಮಯ, ಉಷ್ಣಾಂಶ, ಹವಾಮಾನದಂತಹ ಸಾರ್ವಜನಿಕ ಮಾಹಿತಿಗೆ ಮಾತ್ರ ಇದರಿಂದ ವಿನಾಯಿತಿ.

ಇವು ಮಾರ್ಗದರ್ಶಿ ಸೂತ್ರಗಳು. ಇವುಗಳಿಗೆ ಪೂರಕವಾಗಿ ಅಧಿನಿಯಮದ 116ನೇ ಕಲಂನ 4ನೇ ಉಪಕಲಂನಲ್ಲಿ ಶಾಸನಬದ್ಧ ಅಧಿಕಾರವೊಂದಿದೆ. ಸಂಚಾರ ಫಲಕವನ್ನು ಮರೆಮಾಡುವ, ಅದನ್ನೇ ಹೋಲುವುದರಿಂದ ದಾರಿತಪ್ಪಿಸುವ ಅಥವಾ ಚಾಲಕನ ಏಕಾಗ್ರತೆಯನ್ನು ಕೆಡಿಸಬಹುದಾದ ಯಾವುದೇ ಜಾಹೀರಾತನ್ನು ತೆಗೆಸುವ ಅಧಿಕಾರವನ್ನು ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಪೊಲೀಸ್ ಸೂಪರಿಂಟೆಂಡೆಂಟ್ ಹಾಗೂ ಅವರಿಗಿಂತ ಮೇಲಿನ ದರ್ಜೆಯ ಅಧಿಕಾರಿಗಳಿಗೆ ಕೊಡಬಹುದು. ಅಪಘಾತ ಸಂಭವಿಸುವವರೆಗೆ ಕಾಯಬೇಕಾಗಿಲ್ಲ; ಏಕಾಗ್ರತೆ ಕೆಡುವ ಸಾಧ್ಯತೆಯಿದೆ ಎಂಬ ಅಧಿಕಾರಿಯ ಅಭಿಪ್ರಾಯವೇ ಸಾಕು.

ನ್ಯಾಯಾಲಯದ ಆದೇಶಗಳು

ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರ ನವೆಂಬರ್‌ನಲ್ಲಿ, ದೆಹಲಿಯ ರಸ್ತೆಬದಿಗಳಲ್ಲಿ ಸುರಕ್ಷಿತ ಸಂಚಾರಕ್ಕೆ ಅಪಾಯಕಾರಿಯಾದ ಎಲ್ಲ ಹೋರ್ಡಿಂಗ್‌ಗಳನ್ನು ತೆಗೆಯುವಂತೆ ಆದೇಶಿಸಿತು. 2016ರ ಡಿಸೆಂಬರ್ 15ರಂದು ತಮಿಳುನಾಡು ರಾಜ್ಯ ಮತ್ತು ಕೆ. ಬಾಲು ನಡುವಣ ಪ್ರಕರಣದಲ್ಲಿ ನೀಡಿದ ತೀರ್ಪು ಹೆದ್ದಾರಿ ಬದಿಯ ಮದ್ಯದಂಗಡಿಗಳ ನಿಷೇಧಕ್ಕಾಗಿ ಹೆಸರಾಗಿದೆ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲಿ ಮದ್ಯ ಲಭ್ಯವಿದೆಯೆಂದು ಸೂಚಿಸುವ ಎಲ್ಲ ಫಲಕ ಹಾಗೂ ಜಾಹೀರಾತುಗಳನ್ನೂ ಅದೇ ತೀರ್ಪು ನಿಷೇಧಿಸಿತೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಜಾರಿಯಲ್ಲಿನ ತೊಡಕು

ನಿಯಮಗಳ ಕೊರತೆಗಿಂತ ಅವುಗಳ ಒಡೆತನದ ಗೊಂದಲವೇ ದೊಡ್ಡ ತೊಡಕು. ರಸ್ತೆ ಒಂದು ಸಂಸ್ಥೆಯದು, ಪಕ್ಕದ ಜಮೀನು ಇನ್ನೊಂದರದು, ಜಾಹೀರಾತಿಗೆ ಪರವಾನಗಿ ನೀಡುವುದು ಮತ್ತೊಂದು. ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗೆ ಜಾಹೀರಾತು ಆದಾಯದ ಮೂಲವೂ ಹೌದು. ಹೀಗಾಗಿ ನಿಯಂತ್ರಿಸಬೇಕಾದವರಿಗೇ ಫಲಕಗಳು ಹೆಚ್ಚಬೇಕೆಂಬ ಹಿತಾಸಕ್ತಿ ಹುಟ್ಟುತ್ತದೆ. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಭಾರಿ ಹೋರ್ಡಿಂಗ್ ಒಂದು ಪೆಟ್ರೋಲ್ ಬಂಕಿನ ಮೇಲೆ ಕುಸಿದು 17 ಮಂದಿ ಮೃತಪಟ್ಟರು. ನಗರಪಾಲಿಕೆಯ ಮಿತಿ 40 ಅಡಿಗೆ 40 ಅಡಿ ಇದ್ದರೆ, ಆ ಫಲಕ ಸುಮಾರು 120 ಅಡಿಗೆ 120 ಅಡಿ ಇತ್ತು. ಅದು ರೈಲ್ವೆ ಪೊಲೀಸರ ವಶದಲ್ಲಿದ್ದ ಜಾಗದಲ್ಲಿ ನಿಂತಿತ್ತು. ತಾನು ಅನುಮತಿ ನೀಡಿರಲಿಲ್ಲವೆಂದು ಪಾಲಿಕೆ ಹೇಳಿತು. 2019ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಅಕ್ರಮವಾಗಿ ಕಟ್ಟಿದ್ದ ಬ್ಯಾನರು ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ಬಿದ್ದು, ಹಿಂದಿನಿಂದ ಬಂದ ಟ್ಯಾಂಕರ್ ಹರಿದು ಆಕೆ ಸಾವಿಗೀಡಾದರು.

ಸಂಚಾರ ಫಲಕದ ಕೊರತೆಗೂ ಹೊಣೆಗಾರಿಕೆ ಉಂಟು. 2019ರಲ್ಲಿ ಸೇರಿಸಿದ 198ಎ ಕಲಂ, ರಸ್ತೆಯ ವಿನ್ಯಾಸ, ನಿರ್ಮಾಣ ಮತ್ತು ನಿರ್ವಹಣೆಯ ಮಾನಕಗಳನ್ನು ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಜೀವಹಾನಿಯ ಎದುರು ಈ ಮೊತ್ತ ತೀರ ಅಲ್ಪ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿನ ಭಿತ್ತಿಪತ್ರ ಹಾಗೂ ಫಲಕಗಳಿಗೆ ‘ಕರ್ನಾಟಕ ತೆರೆದ ಸ್ಥಳಗಳ (ವಿಕಾರಗೊಳಿಸುವುದನ್ನು ತಡೆಗಟ್ಟುವ) ಅಧಿನಿಯಮ 1981’ ಅನ್ವಯಿಸುತ್ತದೆ. ಅಕ್ರಮ ಫ್ಲೆಕ್ಸ್ ಮತ್ತು ಹೋರ್ಡಿಂಗ್‌ಗಳ ಬಗ್ಗೆ ಉಚ್ಚ ನ್ಯಾಯಾಲಯ 2018ರಲ್ಲಿ ಕಟುವಾಗಿ ತರಾಟೆಗೆ ತೆಗೆದುಕೊಂಡ ನಂತರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಗರದಾದ್ಯಂತ ಅವುಗಳನ್ನು ತೆರವುಗೊಳಿಸಿ, ಜಾಹೀರಾತು ಫಲಕಗಳನ್ನು ನಿಷೇಧಿಸಿತು. ಜನ್ಮದಿನದ ಶುಭಾಶಯ, ಜಾತ್ರೆಯ ಸ್ವಾಗತ, ನಾಯಕರ ಆಗಮನ ಇವುಗಳಿಗಾಗಿ ಕಟ್ಟುವ ಫ್ಲೆಕ್ಸ್‌ಗಳು ವಾಣಿಜ್ಯ ಜಾಹೀರಾತಿನ ಲೆಕ್ಕಕ್ಕೆ ಬಾರವೆಂಬ ತಪ್ಪು ಗ್ರಹಿಕೆ ಇದೆ. ದಾರಿಸೂಚಕ ಕಂಬಕ್ಕೇ ಅವುಗಳನ್ನು ಬಿಗಿದಾಗ ಊರಿನ ಹೆಸರೂ ತಿರುವಿನ ಬಾಣವೂ ಮುಚ್ಚಿಹೋಗುತ್ತವೆ. ಸಂಚಾರ ಫಲಕವನ್ನು ಮರೆಮಾಡುವ ‘ಯಾವುದೇ’ ಫಲಕಕ್ಕೆ 116ನೇ ಕಲಂ ಅನ್ವಯಿಸುತ್ತದೆ. ಅದರಲ್ಲಿ ಯಾರ ಭಾವಚಿತ್ರವಿದೆ ಎಂಬುದು ಅಪ್ರಸ್ತುತ.