24ರ ಫ್ರೇಮು, 29ರ ಚಕ್ರ

ಆರಡಿ ದಾಟಿದ ಹುಡುಗ ಇಂದು ಬೆಂಗಳೂರಿನ ರಾಜಾಜಿನಗರದ ಸೈಕಲ್ ಅಂಗಡಿಗೆ ಹೋಗಿ ಮೌಂಟನ್ ಬೈಕ್ ಕೇಳಿದರೆ, ಮೊದಲು ಮಾತಿಗೆ ಬರುವುದು ಗೇರು, ಡಿಸ್ಕ್ ಬ್ರೇಕು, ಬಣ್ಣ. ಫ್ರೇಮಿನ ಅಳತೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅವನ ಅಜ್ಜನ ಕಾಲದಲ್ಲಿ ಅಳತೆಗೆ ಇಷ್ಟು ಸದರವಿರಲಿಲ್ಲ. ಇಪ್ಪತ್ತೆರಡೋ ಇಪ್ಪತ್ನಾಲ್ಕೋ ಎಂದು ತೀರ್ಮಾನಿಸದೆ ಸೈಕಲ್ ಮನೆಗೆ ಬರುತ್ತಿರಲಿಲ್ಲ.

ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ, 1949ರಲ್ಲಿ. ಹೆಸರು ಬಂದದ್ದು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಇಲ್ಲಿಗೆ ಬಂತು. ಮಾಗಡಿ ರಸ್ತೆಯ ಆ ಬದಿಗೆ ಬಿನ್ನಿ ಮಿಲ್ಲು ಮೊದಲೇ ಇತ್ತು. ಪಾಳಿ ಮುಗಿದ ಸೈರನ್ನಿಗೆ ಗೇಟಿನಿಂದ ಹೊರಬೀಳುತ್ತಿದ್ದದ್ದು ಸೈಕಲ್ಲುಗಳ ಹಿಂಡು. ಸರ್ಕಾರಿ ನೌಕರರಿಗೆ ಸೈಕಲ್ ಕೊಳ್ಳಲು ಮುಂಗಡ ಸಿಗುತ್ತಿತ್ತು. ರಾತ್ರಿ ದೀಪವಿಲ್ಲದೆ ಹೊರಟರೆ, ಇಬ್ಬರು ಕೂತರೆ ಪೊಲೀಸರು ಹಿಡಿಯುತ್ತಿದ್ದರು. ಈಗಿನ ಸವಾರರಿಗೆ ಇದು ಕಟ್ಟುಕತೆಯಂತೆ ಕೇಳೀತು.

ಸ್ವಾತಂತ್ರ್ಯಕ್ಕೆ ಮೊದಲು ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ ಎಲ್ಲವೂ ಇಂಗ್ಲೆಂಡಿನಿಂದ ಹಡಗೇರಿ ಬರುತ್ತಿದ್ದವು. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಶುರುವಾದವು. ಮೇಡ್ ಇನ್ ಇಂಡಿಯಾ ಆದರೂ ರೂಪ ಅದೇ ಇಂಗ್ಲಿಷ್ ರೋಡ್‌ಸ್ಟರಿನದು: ಕಪ್ಪು ಬಣ್ಣ, ರಾಡ್ ಬ್ರೇಕು, ಕೆಟ್ಟ ರಸ್ತೆಯ ಏಟು ತಡೆಯಲೆಂದು ಮುಂದಕ್ಕೆ ಚಾಚಿದ ಫೋರ್ಕು. ಸೀಟಿನ ಕೊಳವೆಯ ಉದ್ದವೇ ಫ್ರೇಮಿನ ಅಳತೆ. 22 ಅಂಗುಲದ್ದು ಸಾಮಾನ್ಯ ಎತ್ತರದವರಿಗೆ, 24 ಅಂಗುಲದ್ದು ನೀಳಗಾಲಿನವರಿಗೆ. 24ರ ಸೈಕಲ್ಲಿನ ಬಾರು ನೆಲದಿಂದ ಹತ್ತಿರ ಹತ್ತಿರ ಮೂರಡಿ. ಅಪ್ಪನ ಸೈಕಲ್ಲಿನಲ್ಲಿ ಕಲಿಯುವ ಹುಡುಗ ಬಾರಿನ ಮೇಲಿಂದ ಕಾಲು ಹಾಕುವ ಮಾತೇ ಇಲ್ಲ. ಅದರ ಕೆಳಗಿನ ತ್ರಿಕೋನದಲ್ಲಿ ಒಂದು ಕಾಲು ತೂರಿಸಿ, ಸೊಂಟ ವಾಲಿಸಿ, ಅರ್ಧ ಪೆಡಲ್ ತುಳಿಯಬೇಕು. ಎತ್ತರದವರಿಗೆ ನ್ಯಾಯ ಸಿಕ್ಕಿತ್ತು, ಪುಟ್ಟವರಿಗೆ ಸಿಕ್ಕಿರಲಿಲ್ಲ. ಅವರಿಗೆ ಗತಿ ಗಂಟೆ ಲೆಕ್ಕದ ಬಾಡಿಗೆಯ ಚಿಕ್ಕ ಸೈಕಲ್ಲು.

ಆಮೇಲೆ ಲೆಕ್ಕ ತಿರುಗಿತು. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಕೆಲವು ಹುಡುಗರು ಗುಡ್ಡದ ಕಚ್ಚಾ ದಾರಿಯಲ್ಲಿ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಇಳಿಸಿ ಪಂದ್ಯ ಕಟ್ಟಿದರು. ‘ರೀಪ್ಯಾಕ್’ ಎಂದು ಹೆಸರಾದ ಆ ಸರಣಿಯಲ್ಲಿ ಓಡಿಸುತ್ತಿದ್ದ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಸೇರಿ 1979ರಲ್ಲಿ ಅಂಥ ಸೈಕಲ್ಲುಗಳನ್ನೇ ಮಾರುವ ಕಂಪನಿ ತೆರೆದರು. ಹಳೆಯ ಗುಜರಿ ಸೈಕಲ್ಲುಗಳ ಚಕ್ರ 26 ಅಂಗುಲದ್ದಾಗಿದ್ದರಿಂದ ಹೊಸ ಮೌಂಟನ್ ಬೈಕಿಗೂ ಅದೇ ಗಟ್ಟಿಯಾಯಿತು. ಯಾರೂ ಕಾಲಿನ ಉದ್ದ ನೋಡಿ ಆರಿಸಿದ್ದಲ್ಲ, ಸಿಕ್ಕಿದ್ದು ಅದು.

ಭಾರತಕ್ಕೆ ಅದು ಹರ್ಕ್ಯುಲಿಸ್ ಎಂಟಿಬಿ, ಹೀರೋ ರೇಂಜರ್‌ಗಳ ವೇಷದಲ್ಲಿ ಬಂತು. ವಿಜಯನಗರ, ಬಸವೇಶ್ವರನಗರಗಳ ಕಾಲೇಜು ಹುಡುಗರಿಗೆ ಕಪ್ಪು ಸೈಕಲ್ಲು ಹಾಲು ಮಾರುವವರದ್ದಾಗಿ ಕಂಡಿತು. ಬೇಕಾದದ್ದು ನೇರ ಹ್ಯಾಂಡಲ್, ಮುಳ್ಳು ಟೈರು. ಬೆಲೆ ಇಳಿಸಲು ಕಂಪನಿಗಳು ಮಾಡಿದ ಉಪಾಯ ಸರಳ: ಬಹುತೇಕ ಎಲ್ಲರಿಗೂ ಒಂದೇ ಫ್ರೇಮು. ಎತ್ತರದವನು ಬಂದರೆ ಅಂಗಡಿಯವನು ಸೀಟನ್ನು ಮೇಲಕ್ಕೆ ಎಳೆದು ಬಿಗಿಯುತ್ತಿದ್ದ.

ಸಮಸ್ಯೆ ಸೀಟು ಎಳೆದರೆ ತೀರುವಂಥದ್ದಲ್ಲ. ಸೀಟ್ ಕೊಳವೆ ಹಿಂದಕ್ಕೆ ವಾಲಿರುವುದರಿಂದ ಸೀಟು ಏರಿದಷ್ಟೂ ಹಿಂದೆ ಸರಿಯುತ್ತದೆ. ಸವಾರನ ಭಾರ ಹಿಂಚಕ್ರದ ಮೇಲೆ ಬಿದ್ದು, ಏರು ಹತ್ತುವಾಗ ಮುಂಚಕ್ರ ನೆಲ ಬಿಡುತ್ತದೆ. ಹ್ಯಾಂಡಲ್ ಮಾತ್ರ ಇದ್ದಲ್ಲೇ ಇದ್ದು ಬೆನ್ನು ಬಾಗುತ್ತದೆ, ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತದೆ. ಸೀಟಿನ ಕಂಬವನ್ನು ಅದರ ಮೇಲಿನ ಎಚ್ಚರಿಕೆಯ ಗೆರೆ ಮೀರಿ ಎಳೆದರೆ ಫ್ರೇಮೇ ಬಿರುಕು ಬಿಡಬಹುದು. ಪಶ್ಚಿಮ ಬೆಂಗಳೂರಿನ ನೆಲವೂ ಸಮತಟ್ಟಲ್ಲ: ರಾಜಾಜಿನಗರದ ದಿಬ್ಬದಿಂದ ವೃಷಭಾವತಿ ಕಣಿವೆಗೆ ಇಳಿದು, ಕೆಂಗೇರಿ ದಾಟಿದರೆ ಮತ್ತೆ ಏರು.

ಎತ್ತರದವರ ಪಾಲಿಗೆ ಬಾಗಿಲು ತೆರೆದದ್ದು 29 ಅಂಗುಲದ ಚಕ್ರ. 1999ರಲ್ಲಿ ಡಬ್ಲ್ಯುಟಿಬಿ ಕಂಪನಿ ಅದಕ್ಕೆ ತಕ್ಕ ದಪ್ಪ ಟೈರು ತಂದಿತು. ಗ್ಯಾರಿ ಫಿಶರ್ ಹಟ ಹಿಡಿದು ಅದನ್ನು ಮಾರುಕಟ್ಟೆಗೆ ಒಗ್ಗಿಸಿದರು. ಇಲ್ಲೊಂದು ತಮಾಷೆ ಇದೆ. 26ರ ಚಕ್ರದ ರಿಮ್ಮಿನ ವ್ಯಾಸ 559 ಮಿಲಿಮೀಟರ್, 29ರದ್ದು 622. ಸಾಬೂನು ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿದ್ದ ಹಳೆಯ ರೋಡ್‌ಸ್ಟರಿನ ‘28 ಇಂಚು’ ರಿಮ್ಮು ಎಷ್ಟು? 635! ಟೈರು ದಪ್ಪಗಿರುವುದರಿಂದಷ್ಟೇ ಹೊಸದು ಎತ್ತರ. ದೊಡ್ಡ ಚಕ್ರ ಗುಂಡಿಯೊಳಗೆ ಕಡಿಮೆ ಇಳಿಯುತ್ತದೆ, ಕಲ್ಲನ್ನು ಸಲೀಸಾಗಿ ಹತ್ತುತ್ತದೆ ಎಂಬ ಜಾಹೀರಾತಿನ ಮಾತು ನಿಜವೇ. ಬಿನ್ನಿ ಮಿಲ್ಲಿನ ಕಾರ್ಮಿಕರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

2005ರಲ್ಲಿ ಫೈರ್‌ಫಾಕ್ಸ್ ಕಂಪನಿ ಶುರುವಾಗಿ, ಅದರ ಹಿಂದೆ ವಿದೇಶಿ ಬ್ರ್ಯಾಂಡುಗಳು ಬಂದ ಮೇಲೆ ಒಂದೇ ಮಾದರಿಗೆ ಸ್ಮಾಲ್‌ನಿಂದ ಎಕ್ಸ್‌ಎಲ್‌ವರೆಗೆ ಫ್ರೇಮುಗಳು ಕಾಣಿಸಿಕೊಂಡವು. ಐಟಿ ಸಂಬಳದ ಸವಾರರು ಅವನ್ನೇರಿ ತುರಹಳ್ಳಿ ಕಾಡಿನ ಬಂಡೆಗಳತ್ತ, ಜ್ಞಾನಭಾರತಿ ಆವರಣದತ್ತ, ಮಾಗಡಿ ರಸ್ತೆ ಹಿಡಿದು ಸಾವನದುರ್ಗ, ಮಂಚನಬೆಲೆಯತ್ತ ಹೊರಟರು. ಅವರ ಹರಟೆಯಲ್ಲಿ ಸೀಟ್ ಕೊಳವೆಯ ಬದಲು ‘ರೀಚ್’ ಬಂತು: ಪೆಡಲುಗಳ ತೋಳು ತಿರುಗುವ ನಡು ಅಚ್ಚಿನಿಂದ ಹ್ಯಾಂಡಲ್ ಕೂರುವ ಫ್ರೇಮಿನ ಕೊಳವೆಯ ಮೇಲ್ತುದಿಗೆ ಅಡ್ಡಕ್ಕೆ ಅಳೆದ ದೂರ. ಒಂದು ಕಂಪನಿಯ ಲಾರ್ಜ್ ಇನ್ನೊಂದರ ಮೀಡಿಯಂ ಇದ್ದಷ್ಟೇ ಇರಬಹುದಾದ್ದರಿಂದ ಅಕ್ಷರ ನಂಬುವುದಕ್ಕಿಂತ ಈ ಅಳತೆ ನೋಡುವುದೇ ವಾಸಿ.

ಅಗ್ಗದ ಸಾಲಿನಲ್ಲಿ ಮಾತ್ರ ಹಳೆಯ ಉಪಾಯ ಹೊಸ ವೇಷ ಹಾಕಿದೆ. ಚಕ್ರ 29, ಫ್ರೇಮು ಹೆಚ್ಚಾಗಿ 17–18 ಅಂಗುಲದ್ದೊಂದೇ. ದೊಡ್ಡ ಚಕ್ರ ಕಂಡು ದೊಡ್ಡ ಸೈಕಲ್ ಎಂದು ತಿಳಿದು ಕೊಂಡ ಆರಡಿಯ ಹುಡುಗನ ಸೀಟಿನ ಕಂಬ ವಾರದೊಳಗೆ ಗೆರೆಯ ತನಕ ಏರಿರುತ್ತದೆ.