ಲೋಟದೊಳಗಿನ ಕಾಫಿ ಯಾವ ತೋಟದ್ದು?

ಬೆಂಗಳೂರು ಕಾಫಿ ಬೆಳೆಯುವ ಊರಲ್ಲ. ಗಿಡವಿರುವುದು ಇಲ್ಲಿಂದ ಸುಮಾರು 250 ಕಿಲೋಮೀಟರು ಪಡುವಣಕ್ಕೆ, ಚಿಕ್ಕಮಗಳೂರು, ಹಾಸನ, ಕೊಡಗಿನ ಮಲೆಗಳಲ್ಲಿ, ಮರಗಳ ನೆರಳಿನ ಕೆಳಗೆ. ಆದರೂ ನಮ್ಮ ದೇಶದ ಕಾಫಿಯ ರಾಜಧಾನಿ ಯಾವುದೆಂದು ಕೇಳಿದರೆ ಬೆಂಗಳೂರೆಂದೇ ಹೇಳಬೇಕು. ಕಾಫಿ ಮಂಡಳಿಯ ಪ್ರಧಾನ ಕಚೇರಿ ಇಲ್ಲಿದೆ. ಕೊಳ್ಳುವವರು, ಹುರಿಯುವವರು, ರುಚಿ ನೋಡಿ ದರ್ಜೆ ಕಟ್ಟುವವರು ಇಲ್ಲಿದ್ದಾರೆ. ಕುಡಿಯುವವರ ಮಾತಂತೂ ಕೇಳಬೇಕಾದ್ದೇ ಇಲ್ಲ.

ಈ ಊರಿನ ಕಾಫಿಪುಡಿ ಅಂಗಡಿಗಳನ್ನೂ ಈಚಿನ ಎಸ್ಪ್ರೆಸೋ ಕೆಫೆಗಳನ್ನೂ ಸುತ್ತುವುದು ನನಗೆ ಹಲವು ವರ್ಷಗಳಿಂದ ಅಂಟಿಕೊಂಡ ಚಟ. ಬೇರೆಯವರು ದೇವಸ್ಥಾನ ಸುತ್ತುತ್ತಾರೆ. ನಾನು ಹುರಿದ ಬೀಜದ ವಾಸನೆಯ ಜಾಡು ಹಿಡಿದು ಬಸವನಗುಡಿಯಿಂದ ಮಲ್ಲೇಶ್ವರಕ್ಕೆ, ಅಲ್ಲಿಂದ ಇಂದಿರಾನಗರಕ್ಕೆ ಹೋಗುತ್ತೇನೆ. ಹೋದಲ್ಲೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಈ ಕಾಫಿ ಎಲ್ಲಿಯದು?’ ಹಳೆಯ ಅಂಗಡಿಯಲ್ಲಿ ‘ಪ್ಲಾಂಟೇಷನ್ ಎ’ ಎಂದೋ ‘ಪೀಬೆರಿ’ ಎಂದೋ ಉತ್ತರ ಬರುತ್ತದೆ. ಇವು ದರ್ಜೆಯ ಹೆಸರುಗಳು, ಊರಿನ ಹೆಸರುಗಳಲ್ಲ. ಹೊಸ ಕೆಫೆಯಲ್ಲಾದರೆ ತೋಟದ ಹೆಸರು, ಸಮುದ್ರಮಟ್ಟದಿಂದ ಅದರ ಎತ್ತರ, ಗಿಡದ ತಳಿ ಎಲ್ಲವನ್ನೂ ಒಪ್ಪಿಸುತ್ತಾರೆ. ಒಂದೇ ಊರಿನಲ್ಲಿ ಒಂದೇ ಪ್ರಶ್ನೆಗೆ ಎರಡು ಬಗೆಯ ಉತ್ತರ ಬರಲು ಕಾರಣವೇನು? ಹುಡುಕುತ್ತ ಹೋದರೆ ನಾಲಿಗೆಯ ವಿಷಯ ಚರಿತ್ರೆಯ ವಿಷಯವಾಗಿ ತಿರುಗುತ್ತದೆ.

ಮೊದಲು ಪುಡಿಯ ಅಂಗಡಿ. ಅಲ್ಲಿ ಗಿರಾಕಿಯ ಮನೆತನಕ್ಕೊಂದು ಹದವಿರುತ್ತದೆ. ಅರೇಬಿಕಾ ಇಷ್ಟು, ರೊಬಸ್ಟಾ ಇಷ್ಟು, ಚಿಕೋರಿ ಇಷ್ಟು ಎಂದು ಅಜ್ಜನ ಕಾಲದಲ್ಲಿ ಗೊತ್ತಾದದ್ದನ್ನು ಮೊಮ್ಮಗ ಬದಲಿಸುವುದಿಲ್ಲ. ಚಿಕೋರಿಯೆಂಬುದು ಕಾಫಿಯೇ ಅಲ್ಲ; ಒಂದು ಗಿಡದ ಬೇರನ್ನು ಹುರಿದು ಪುಡಿ ಮಾಡಿದ್ದು. ನೆಪೋಲಿಯನ್ 1806ರಲ್ಲಿ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದ ಮೇಲೆ ಯೂರೋಪಿನಲ್ಲಿ ಕಾಫಿಗೆ ಬರ ಬಂದು, ಈ ಬೇರಿಗೆ ಅದೃಷ್ಟ ಖುಲಾಯಿಸಿತು. ನಮ್ಮಲ್ಲಿ ಅದು ನಿಂತದ್ದು ಅಗ್ಗವೆಂಬ ಕಾರಣಕ್ಕೆ ಮಾತ್ರವಲ್ಲ. ಹಿತ್ತಾಳೆಯ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ಇಳಿಯಬೇಕು. ಚಿಕೋರಿ ಆ ನೀರನ್ನು ತಡೆದು ನಿಧಾನವಾಗಿ ಬಿಡುತ್ತದೆ, ಡಿಕಾಕ್ಷನ್ ಕಪ್ಪಾಗಿ ಗಟ್ಟಿಯಾಗಿ ಬೀಳುತ್ತದೆ, ಹಾಲನ್ನು ಎದುರಿಸಿ ನಿಲ್ಲುತ್ತದೆ. ಇಂದಿನ ಕಾನೂನು ನೂರಕ್ಕೆ 49 ಪಾಲಿನವರೆಗೆ ಚಿಕೋರಿಗೆ ಅವಕಾಶ ಕೊಟ್ಟು, ಪೊಟ್ಟಣದ ಮೇಲೆ ಪ್ರಮಾಣ ನಮೂದಿಸಬೇಕೆಂದು ವಿಧಿಸಿದೆ. ಎಷ್ಟು ಬೆರಸಿದೆ ಎಂಬುದು ಹೀಗೆ ಗಿರಾಕಿಗೆ ತಿಳಿಯುತ್ತದೆ. ಬೀಜ ಯಾರದು ಎಂಬುದು ಮಾತ್ರ ತಿಳಿಯುವುದಿಲ್ಲ.

ಆದರೆ ಈ ಅಜ್ಞಾನ ಕಾಫಿಗೆ ಹುಟ್ಟಿನಿಂದ ಬಂದದ್ದಲ್ಲ. ಕಾಫಿ ಈ ನಾಡಿಗೆ ಬಂದ ಕಥೆಯಲ್ಲೇ ಊರಿನ ಹೆಸರಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಅರಬ್ಬೀ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಬೆಟ್ಟ ಅವರ ಹೆಸರನ್ನೇ ಹೊತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಮಲೆನಾಡಿನಲ್ಲಿ ದೊಡ್ಡ ತೋಟಗಳನ್ನು ಹಾಕಿದಾಗಲೂ ‘ಮೈಸೂರು ಕಾಫಿ’ ಎಂಬ ಹೆಸರು ವಿಲಾಯಿತಿಯ ಪೇಟೆಯಲ್ಲಿ ನಡೆಯುತ್ತಿತ್ತು. ಅಂದಿನ ಒಳ್ಳೆಯ ಕಾಫಿಯೆಲ್ಲ ಹಡಗು ಹತ್ತುತ್ತಿತ್ತು. ನಮ್ಮ ಜನ ಅದನ್ನು ಕುಡಿಯಲು ಕಲಿತದ್ದು ತಡವಾಗಿ.

ಕಲಿಸಿದ ಶಾಲೆಗಳಲ್ಲಿ ಮುಖ್ಯವಾದದ್ದು ಹೋಟೆಲು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಲಾಲ್‌ಬಾಗ್ ಬಳಿ ತೆರೆದ ಹೋಟೆಲಿನ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಇಂದಿನ ಹೆಸರು ಬಂದದ್ದು 1960ರಲ್ಲಿ. ಹಳೆಯ ಹೆಸರಿನ ಎರಡು ಮಾತುಗಳಲ್ಲಿ ಒಂದು ಕಾಲವೇ ಅಡಗಿದೆ. ‘ಕ್ಲಬ್’ ಎಂಬುದು ಹೊಸ ನಾಗರಿಕತೆಯ ಆಸೆ. ‘ಬ್ರಾಹ್ಮಿನ್’ ಎಂಬುದು ಹಳೆಯ ಮಡಿಯ ಭರವಸೆ. ಮನೆಯ ಹೊರಗೆ ಕುಳಿತು, ಯಾರು ಮಾಡಿದರೆಂದು ಕೇಳದೆ ಕುಡಿಯುವುದೆಂದರೆ ಅಂದು ದೊಡ್ಡ ಸಾಹಸ. ಫಲಕದ ಮೇಲಿನ ಜಾತಿಯ ಹೆಸರು ಆ ಅಳುಕನ್ನು ನೀಗುತ್ತಿತ್ತು. ಅದೇ ಫಲಕ ಇನ್ನೆಷ್ಟೋ ಜನರನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತೆಂಬುದನ್ನೂ ಮರೆಯಬಾರದು. ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ ಮಾತು 1950ರ ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆಯಲ್ಪಟ್ಟಿತು. ಲೋಟದ ಚರಿತ್ರೆಯಲ್ಲಿ ಅದೂ ಒಂದು ಪುಟ.

ಈ ನಡುವೆ ತೋಟಗಾರನಿಗೆ ಕಷ್ಟಕಾಲ ಒದಗಿತ್ತು. 1930ರ ಸುಮಾರಿನ ಜಗತ್ತಿನ ಆರ್ಥಿಕ ಕುಸಿತದಲ್ಲಿ ಬೆಲೆ ಬಿದ್ದುಹೋಯಿತು. 1935ರಲ್ಲಿ ಕಾಫಿ ಸೆಸ್ ಕಾನೂನು ಬಂದು, ಆ ಹಣದಿಂದ ದೇಶದೊಳಗೆ ಕಾಫಿಯ ಪ್ರಚಾರ ಶುರುವಾಯಿತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದು ಯೂರೋಪಿನ ಪೇಟೆಯೇ ಮುಚ್ಚಿತು. ಆಗ ಹುಟ್ಟಿದ್ದು 1942ರ ಕಾಫಿ ಕಾಯಿದೆ, ಅದರ ಜೊತೆಗೆ ‘ಪೂಲ್’ ಎಂಬ ಏರ್ಪಾಡು.

ಈ ಪೂಲ್ ಎಂದರೇನು? ಬೆಳೆಗಾರ ತನ್ನ ಮನೆಖರ್ಚಿಗೂ ಬಿತ್ತನೆಗೂ ಒಂದಿಷ್ಟು ಇಟ್ಟುಕೊಂಡು ಉಳಿದುದನ್ನೆಲ್ಲ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ದರ್ಜೆ ನೋಡಿ ಅಂಕ ಹಾಕುತ್ತದೆ, ಎಲ್ಲರ ಕಾಫಿಯನ್ನೂ ಒಟ್ಟಿಗೆ ಮಾರುತ್ತದೆ, ಬಂದ ಹಣವನ್ನು ಅಂಕಕ್ಕೆ ಇಷ್ಟೆಂದು ಕಂತುಕಂತಾಗಿ ಹಂಚುತ್ತದೆ. ಸಣ್ಣ ಹಿಡುವಳಿದಾರನಿಗೆ ಇದು ದೊಡ್ಡ ಆಸರೆಯಾಯಿತೆಂಬುದು ನಿಜ. ದಲ್ಲಾಳಿಯ ತಕ್ಕಡಿಯ ಮುಂದೆ ಒಂಟಿಯಾಗಿ ನಿಲ್ಲುವ ಪಾಡು ಅವನಿಗೆ ತಪ್ಪಿತು. ಆದರೆ ಎಲ್ಲ ಹೊಳೆಗಳೂ ಸಮುದ್ರ ಸೇರಿದಂತೆ ಎಲ್ಲ ತೋಟಗಳೂ ಪೂಲ್ ಸೇರಿದವು. ಸಮುದ್ರದ ನೀರಿನಲ್ಲಿ ಇದು ಯಾವ ಹೊಳೆಯದೆಂದು ಹೇಳುವವರಾರು? ಮುತುವರ್ಜಿಯಿಂದ ಕೆಂಪು ಹಣ್ಣನ್ನೇ ಆರಿಸಿ ಕೊಯಿಸಿದವನ ಕಾಫಿಯೂ, ಹಸಿರು ಕಾಯಿ ಬೆರೆಸಿ ತಂದವನ ಕಾಫಿಯೂ ಒಂದೇ ದರ್ಜೆಗೆ ಸೇರಿದರೆ ಒಂದೇ ಬೆಲೆ ಪಡೆಯುತ್ತಿದ್ದವು. ಅರ್ಧ ಶತಮಾನಕ್ಕೂ ಮೀರಿ ಕುಡಿಯುವವನಿಗೆ ಬೆಳೆದವನ ಹೆಸರು ತಿಳಿಯಲಿಲ್ಲ. ಬೆಳೆದವನಿಗೆ ತನ್ನ ಕಾಫಿಯ ರುಚಿಯನ್ನು ಯಾರು ಮೆಚ್ಚಿದರೆಂಬುದು ತಿಳಿಯಲಿಲ್ಲ. ಪುಡಿಯಂಗಡಿಯವರು ದರ್ಜೆಯ ಹೆಸರನ್ನಷ್ಟೇ ಹೇಳುವ ರೂಢಿ ಗಟ್ಟಿಯಾದದ್ದು ಈ ಏರ್ಪಾಡಿನಲ್ಲಿ.

ಆ ಕಾಲದ ಇನ್ನೊಂದು ಕಥೆ ಕಾಫಿ ಹೌಸಿನದು. 1950ರ ದಶಕದ ನಡುವಿನಲ್ಲಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರು ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ಅರ್ಧ ಶತಮಾನದ ಕಾಲ ಸಾಹಿತಿಗೂ ಗುಮಾಸ್ತನಿಗೂ ಒಂದೇ ಮೇಜು ಒದಗಿಸಿ, 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೊರಟಿತು. ರುಮಾಲು ಕಟ್ಟಿದ ಆ ಪರಿಚಾರಕರು ಸಂಬಳದಾಳುಗಳಲ್ಲ, ಸಂಸ್ಥೆಯ ಒಡೆಯರೇ ಎಂಬುದು ಮೇಜಿನ ಈಚೆ ಕುಳಿತವರಲ್ಲಿ ಬಹಳ ಜನಕ್ಕೆ ತಿಳಿದಿರಲಿಲ್ಲ.

ಇನ್ನು ಎಸ್ಪ್ರೆಸೋ. ಅದು ಇಟಲಿಯವರ ಅವಸರದ ಕೂಸು. 1884ರಲ್ಲಿ ಟ್ಯುರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯಿಂದ ಕಾಫಿ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಬಟ್ಟಲಿಗೆ ಕಾಫಿ ಇಳಿಸುವ ಯಂತ್ರ ಮಾಡಿದ. ಎರಡನೆಯ ಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜ್ಯಾ ಸನ್ನೆಕೋಲಿನ ಯಂತ್ರದಿಂದ ಒತ್ತಡವನ್ನು ಹೆಚ್ಚಿಸಿದಾಗ ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. ನಮ್ಮ ಫಿಲ್ಟರ್ ಅರ್ಧ ಗಂಟೆ ತೊಟ್ಟಿಕ್ಕಿ ಕೊಡುವುದನ್ನು ಈ ಯಂತ್ರ ಒಂಬತ್ತು ಪಟ್ಟು ವಾಯುಭಾರದ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಹಿಂಡುತ್ತದೆ. ನಾವು ಬಹುಕಾಲ ಎಸ್ಪ್ರೆಸೋ ಎಂದು ಕುಡಿದದ್ದು ಮದುವೆಮನೆಯ ಯಂತ್ರದಲ್ಲಿ ಬುಸ್ಸೆಂದು ನೊರೆಯೆಬ್ಬಿಸಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿದ ಹಾಲು. ಇಟಲಿಯವರು ನೋಡಿದ್ದರೆ ಗುರುತಿಸುತ್ತಿರಲಿಲ್ಲ. ಆದರೆ ಬೀಗರು ತೃಪ್ತರಾಗುತ್ತಿದ್ದರು.

ಇಟಲಿಗೂ ನಮಗೂ ಸಂಬಂಧ ಇಷ್ಟರಲ್ಲೇ ಮುಗಿಯುವುದಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ಕರ್ನಾಟಕದ್ದು. ದೇಶದ ಬೆಳೆಯ ಹೆಚ್ಚಿನ ಪಾಲು ಇಂದಿಗೂ ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಇಟಲಿಯದೇ ಮುಂದಿನ ಸಾಲು. ಎಸ್ಪ್ರೆಸೋದ ನೊರೆ ಗಟ್ಟಿಯಾಗಿ ನಿಲ್ಲಲು ರೊಬಸ್ಟಾ ಬೇಕು, ನಮ್ಮ ತೊಳೆದ ರೊಬಸ್ಟಾ ಅದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿಯೂ ಅದು ಬೆರಕೆಯೊಳಗೆ ಸೇರಿ, ಪೊಟ್ಟಣದ ಮೇಲೆ ಇಟಲಿಯ ಹೆಸರು ಬೀಳುತ್ತದೆ. ನಮ್ಮವರು ಹೋಗಿ ಆ ಬಟ್ಟಲನ್ನು ಹೊಗಳಿ ಬರುತ್ತಾರೆ.

ತಿರುವು ಬಂದದ್ದು 1990ರ ಆಸುಪಾಸಿನಲ್ಲಿ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲುಗಳು ಮುರಿದುಬಿದ್ದವು. 1991ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ನಮ್ಮ ಕಾಫಿಯನ್ನು ನಾವೇ ಮಾರುತ್ತೇವೆಂದು ಬೆಳೆಗಾರರು ಪಟ್ಟುಹಿಡಿದರು. 1992ರಿಂದ ಪೂಲಿನ ಕಟ್ಟು ಹಂತಹಂತವಾಗಿ ಸಡಿಲಿ 1996ರಲ್ಲಿ ಪೂರ್ತಿ ಬಿಚ್ಚಿತು. ಅದೇ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ತೆರೆದವರು ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ. ಜಿ. ಸಿದ್ಧಾರ್ಥ. ತೋಟದವನು ತಾನೇ ಬೀಜ ಹುರಿದು, ತಾನೇ ಅಂಗಡಿಯಿಟ್ಟು, ತಾನೇ ಬಟ್ಟಲಿಗೆ ಬಡಿಸುವುದು 1942ರಿಂದ ಈಚೆಗೆ ಸುಲಭಸಾಧ್ಯವಾಗಿದ್ದ ಕೆಲಸವಲ್ಲ. ಎರಡೂ ಒಂದೇ ವರ್ಷ ನಡೆದದ್ದನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಇಂದಿನ ಹುರಿಯುವ ಶಾಲೆಗಳು ಆ ತಿರುವಿನ ಮೊಮ್ಮಕ್ಕಳು. ನಾನು ಕಂಡ ಒಂದು ಕಡೆ ಗಾಜಿನ ಗೋಡೆಯ ಆಚೆ ಉರುಳೆ ತಿರುಗುತ್ತಿರುತ್ತದೆ. ಹಸಿರು ಬೀಜ ಮೊದಲು ಹಳದಿಯಾಗಿ ಹುಲ್ಲಿನ ವಾಸನೆ ಕೊಡುತ್ತದೆ, ಆಮೇಲೆ ರೊಟ್ಟಿ ಬೇಯುವ ವಾಸನೆ; ಶಾಖ 200 ಡಿಗ್ರಿಯ ಹತ್ತಿರ ಬಂದಾಗ ಜೋಳ ಅರಳಿದಂತೆ ಚಟಪಟ ಸಿಡಿಯುತ್ತದೆ. ಅಲ್ಲಿಂದಾಚೆ ಪ್ರತಿ ಕ್ಷಣವೂ ಲೆಕ್ಕವೇ. ಬೇಗ ಇಳಿಸಿದರೆ ಹಣ್ಣಿನ ಹುಳಿ ಉಳಿಯುತ್ತದೆ, ತಡವಾದರೆ ಬರಿಯ ಕಹಿ. ಬೀಜ ತನ್ನ ತೂಕದಲ್ಲಿ ನೂರಕ್ಕೆ 15 ಪಾಲಿನಷ್ಟನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಚೀಲದ ಮೇಲೆ ತೋಟದ ಹೆಸರು, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಬೆಳೆಸಿದ ಎಸ್. 795 ಎಂಬ ತಳಿಯ ಹೆಸರು, ಹಣ್ಣನ್ನು ತೊಳೆದು ಒಣಗಿಸಿದರೋ ಸಿಪ್ಪೆಸಮೇತ ಒಣಗಿಸಿದರೋ ಎಂಬ ವಿವರ ಎಲ್ಲವೂ ಇರುತ್ತದೆ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗುಗಳ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಕಳೆದುಹೋಗಿದ್ದ ಹೆಸರು ಮತ್ತೆ ಲೋಟಕ್ಕೆ ಬಂದಂತಾಯಿತು.

ಇದನ್ನು ಕಂಡು ನನಗೆ ಸಂತೋಷವೇ. ಆದರೂ ಪೂರ್ತಿ ಸಂತೋಷವೆಂದು ಹೇಳಲಾರೆ. ಆ ಚೀಲದ ಬೆಲೆ ಎಲ್ಲರ ಕೈಗೆಟಕುವುದಲ್ಲ. ಅಲ್ಲಿನ ಒಂದು ಬಟ್ಟಲಿನ ದುಡ್ಡಿಗೆ ದರ್ಶಿನಿಯಲ್ಲಿ ಹತ್ತು ಮಂದಿ ಕುಡಿದು ಹೋಗಬಹುದು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಚೀಲದ ಮೇಲೆ ಹೆಸರು ಬರುವುದು ಬಹುಮಟ್ಟಿಗೆ ದೊಡ್ಡ ತೋಟಗಳದು. ಸಣ್ಣವನಿಗೆ ಪೂಲಿನ ಆಸರೆ ಹೋಯಿತು, ಹೆಸರೂ ಬರಲಿಲ್ಲ. ಅವನ ಚೀಲ ಹಳೆಯಂತೆ ವರ್ತಕನ ತಕ್ಕಡಿಗೇ ಹೋಗುತ್ತದೆ. ಇನ್ನು ಹಣ್ಣು ಬಿಡಿಸುವವರ ಮಾತು ಹೇಳುವುದೇ ಬೇಡ. ಅರೇಬಿಕಾ ಗಿಡದ ಹಣ್ಣು ಒಮ್ಮೆಗೇ ಮಾಗುವುದಿಲ್ಲ. ಕೆಂಪಾದುದನ್ನು ಮಾತ್ರ ಆರಿಸಿ ಮೂರು ನಾಲ್ಕು ಸಲ ಕೊಯ್ಯಬೇಕು. ಚೀಲದ ಮೇಲೆ ಹೊಗಳುವ ಆ ರುಚಿಯ ಮೊದಲ ತೀರ್ಮಾನ ನಡೆಯುವುದು ಅವರ ಬೆರಳ ತುದಿಯಲ್ಲಿ. ಅಸ್ಸಾಮಿನಿಂದ, ಜಾರ್ಖಂಡದಿಂದ ಬಂದು ಈ ಕೆಲಸ ಮಾಡುವವರು ಇಂದು ಮಲೆನಾಡಿನಲ್ಲಿ ಬಹಳ ಮಂದಿ ಇದ್ದಾರೆ.

ಆದ್ದರಿಂದ ‘ಈ ಕಾಫಿ ಎಲ್ಲಿಯದು’ ಎಂಬ ಪ್ರಶ್ನೆಯನ್ನು ನಮ್ಮ ಊರಿನವರು ಬಿಡದೆ ಕೇಳುತ್ತಿರಬೇಕು. ಕೆಫೆಯಲ್ಲಷ್ಟೇ ಅಲ್ಲ, ಪುಡಿಯಂಗಡಿಯಲ್ಲಿಯೂ, ದರ್ಶಿನಿಯ ಗಲ್ಲಾದ ಮುಂದೆಯೂ ಕೇಳಬೇಕು. ಗಿರಾಕಿ ಕೇಳದಿದ್ದುದರಿಂದಲೇ ಐವತ್ತು ವರ್ಷ ಉತ್ತರವಿಲ್ಲದೆ ನಡೆಯಿತು. ಕೆಲವರು ಕೇಳತೊಡಗಿದ್ದರಿಂದ ತೋಟದ ಹೆಸರು ಚೀಲದ ಮೇಲೆ ಬಂತು. ಎಲ್ಲರೂ ಕೇಳಿದರೆ ಸಣ್ಣ ಹಿಡುವಳಿಯವನ ಊರೂ ಅಲ್ಲಿ ಬರಬಹುದು, ಕೊಯ್ದವರ ಕೂಲಿಯ ಮಾತೂ ಬರಬಹುದು. ಬೆಂಗಳೂರು ಕಾಫಿ ಬೆಳೆಯುವುದಿಲ್ಲವಷ್ಟೆ. ಬೆಳೆದವರನ್ನು ನೆನೆಯುವುದಾದರೂ ಅದರಿಂದ ಆಗಲಿ.